ಹಲ್ ಪಟ್ಟಣದಲ್ಲಿ ಬಂಗುಡೆಯ ಹೃದಯ

ಹೊರಡುವ ಮೊದಲು

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಲಂಡನ್ನಿನ ದೊಡ್ಡ ಗಡಿಯಾರ ನೋಡಿದಿರಾ ಎಂದು. ನೋಡಲಿಲ್ಲ ಮಾರಾಯ್ರೆ. ಅರಮನೆಯನ್ನೂ ನೋಡಲಿಲ್ಲ. ಲಂಡನ್ನಿನಲ್ಲಿ ನಾನು ಸರಿಯಾಗಿ ಕಂಡದ್ದು ರೈಲು ನಿಲ್ದಾಣದ ಒಂದು ಬೆಂಚನ್ನು ಮಾತ್ರ. ನಾನು ಹೋದದ್ದು ಹಲ್ ಎಂಬ ಊರಿಗೆ. ಪೂರ್ವ ಕರಾವಳಿಯ ಹತ್ತಿರದ, ಒಂದು ಕಾಲದಲ್ಲಿ ಮೀನುಗಾರಿಕೆಯಿಂದಲೇ ಬದುಕಿದ ಬಂದರು ಅದು. ಅಲ್ಲಿಗೆ ಯಾರೂ ಊರು ನೋಡಲೆಂದು ಹೋಗುವುದಿಲ್ಲ. ಮೂರು ವಾರ ಇದ್ದು ನಾನು ಕಂಡದ್ದು ಒಂದು ಅಡುಗೆಮನೆ, ಒಂದು ಬಸ್ಸು, ಒಂದು ಪ್ರಯೋಗಾಲಯ. ಅಷ್ಟನ್ನೇ ಬರೆಯುತ್ತೇನೆ.

ನಾನು ಕಾರ್ಕಳದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಹೆಸರು ಸುನಂದಾ. ಹುಟ್ಟಿದ್ದು ಉಚ್ಚಿಲದಲ್ಲಿ, ಮೀನು ಮಾರುವ ಮನೆಯಲ್ಲಿ. ಮದುವೆಯಾದ ಮೇಲೆ ಉಡುಪಿಯ ಕಡಿಯಾಳಿಯಲ್ಲಿದ್ದೇನೆ. ನನಗಿಂತ ಎಂಟು ವರ್ಷ ಚಿಕ್ಕವನು ನನ್ನ ತಮ್ಮ ಉಮೇಶ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೊದಲು ಕಂಡಕ್ಟರ್, ಆಮೇಲೆ ಡ್ರೈವರ್. ಅವನ ಹೆಂಡತಿ ರೇಖಾ ಮಣಿಪಾಲದಲ್ಲಿ ನರ್ಸಿಂಗ್ ಕಲಿತವಳು. ಅವಳಿಗೆ ಹಲ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದಾಗ ಏಳು ವರ್ಷದ ಮಗಳು ಶ್ರಾವ್ಯಳನ್ನು ಕರೆದುಕೊಂಡು ಇವನೂ ಹೋದ. ಅಲ್ಲಿ ಸಿಟಿ ಬಸ್ಸು ಓಡಿಸಿದ. "ಅಕ್ಕ, ಇಲ್ಲಿ ಹಾರ್ನ್ ಹಾಕಿದ್ರೆ ಬೈದ ಹಾಗೆ ಅಂತೆ. ನನ್ನ ಕೈ ಕಟ್ಟಿ ಹಾಕಿದ ಹಾಗೆ ಆಗಿದೆ" ಎಂದು ನಗುತ್ತಿದ್ದ.

ಕಳೆದ ವರ್ಷ ಫೆಬ್ರವರಿಯಲ್ಲಿ ಉಮೇಶ ಹೋದ. ಹೃದಯಾಘಾತ. ನಲವತ್ತೈದು ತುಂಬಿರಲಿಲ್ಲ. ಆ ದಿನ ಅಲ್ಲಿಯ ಮಧ್ಯಾಹ್ನ, ನಮಗೆ ಸಂಜೆ, ಅವನು ನನಗೆ ಫೋನ್ ಮಾಡಿದ್ದ.

"ಅಕ್ಕ, ಬೆಳಗ್ಗಿನಿಂದ ಎಡದ ಭುಜ ಒಂಥರಾ ಸೆಳೀತಾ ಉಂಟು. ದವಡೆಯೂ. ಎಂತ ಆಗಿರಬಹುದು?"

"ಎಂತದ್ದೂ ಇಲ್ಲ, ಗ್ಯಾಸ್. ಹೊತ್ತಲ್ಲದ ಹೊತ್ತಲ್ಲಿ ತಿಂತಿ ಅಲ್ವಾ ನೀನು? ಜೀರಿಗೆ ಕಷಾಯ ಮಾಡಿ ಕುಡಿ."

ಹೃದಯಕ್ಕೆ ರಕ್ತ ಸಾಲದೆ ಹೋದಾಗ ನೋವು ಎದೆಯಲ್ಲೇ ಬರಬೇಕೆಂದಿಲ್ಲ, ಎಡ ಭುಜಕ್ಕೆ, ದವಡೆಗೆ ಹರಿಯಬಹುದು ಎಂದು ಇಪ್ಪತ್ತಾರು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದವಳು ನಾನು. ಎರಡು ಅಂಕದ ಪ್ರಶ್ನೆ ಅದು. ನನ್ನ ತಮ್ಮ ಕೇಳಿದಾಗ ನನಗೆ ಹೊಳೆಯಲಿಲ್ಲ. ಫೋನಿಟ್ಟು ಎರಡು ಗಂಟೆ ಕಳೆಯುವಾಗ ಅವನು ಇರಲಿಲ್ಲ. ಈ ಫೋನಿನ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಮನೆಯವರಿಗೂ ಹೇಳಲಿಲ್ಲ. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಜೀರಿಗೆ ಕಷಾಯ ಮಾಡಿಲ್ಲ. ಮಳೆಗಾಲದಲ್ಲೂ ಮಾಡಿಲ್ಲ. ಯಾಕೆಂದು ಕೇಳಿದವರಿಗೆ ನನಗೆ ಉಷ್ಣ ಆಗುತ್ತದೆ ಎಂದು ಸುಳ್ಳು ಹೇಳಿದ್ದೇನೆ.

ವರ್ಷ ಕಳೆಯಿತು. ಈ ಮಾರ್ಚಿನಲ್ಲಿ ರೇಖಾ ಫೋನ್ ಮಾಡಿದಳು. "ಅಕ್ಕ, ಶ್ರಾವ್ಯ ಬಯಾಲಜಿ ಪುಸ್ತಕ ಮುಟ್ತಾ ಇಲ್ಲ. ಡಾಕ್ಟರ್ ಆಗ್ತೇನೆ ಅಂತ ಇದ್ದವಳು. ಯೂನಿವರ್ಸಿಟಿಯವರು ಸೀಟು ಕೊಡ್ತೇವೆ ಅಂದಿದ್ದಾರೆ, ಆದ್ರೆ ಪ್ರಾಕ್ಟಿಕಲ್ ಎಲ್ಲ ಮುಗಿಸಿ ಪಾಸಾಗಬೇಕು. ಒಂದು ಬಾಕಿ ಉಂಟು. ಹೃದಯ ಕೊಯ್ದು ನೋಡುವುದು. ಎರಡು ಸಲ ಆ ದಿನವೇ ಕಾಲೇಜಿಗೆ ಹೋಗಲಿಲ್ಲ. ನೀವು ಬನ್ನಿ ಅಕ್ಕ. ನೀವು ಹೇಳಿದ್ರೆ ಕೇಳ್ತಾಳೆ."

ನಾನು ಹೇಳಿದ್ದನ್ನು ಕೇಳಿದವನ ಗತಿ ಎಂತಾಯಿತು ಎಂದು ಅವಳಿಗೆ ಗೊತ್ತಿರಲಿಲ್ಲ. ಪಿಯುಸಿ ಮೌಲ್ಯಮಾಪನ ಮುಗಿಸಿ, ಏಪ್ರಿಲ್‌ನಲ್ಲಿ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ವಿಮಾನ ಹತ್ತಿದೆ.

ಅಡುಗೆಮನೆಯ ಮೇಜು

ಹಲ್‌ನಲ್ಲಿ ಏಪ್ರಿಲ್ ಎಂದರೆ ಚಳಿ. ಹೊರಗೆ ಹಳದಿ ಹೂವು ರಾಶಿ ರಾಶಿ ಅರಳಿವೆ, ಮೇಲಿನಿಂದ ಬಿಸಿಲೂ ಉಂಟು, ಆದರೆ ಗಾಳಿ ಮಾತ್ರ ಕಿವಿ ಕಿತ್ತುಕೊಂಡು ಹೋಗುತ್ತದೆ. ಬೀದಿಯ ಮನೆಗಳೆಲ್ಲ ಒಂದೇ ಥರ, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಎರಡನೆಯ ದಿನವೇ ನಾನು ಅಂಗಡಿಯಿಂದ ವಾಪಸು ಬಂದು ಪಕ್ಕದ ಮನೆಯ ಬಾಗಿಲಿಗೆ ಕೀಲಿಕೈ ತುರುಕಿ ತಿರುಗಿಸುತ್ತಿದ್ದೆ. ಒಳಗಿನಿಂದ ಒಬ್ಬ ಮುದುಕ ಬಾಗಿಲು ತೆರೆದ. ನಮ್ಮಲ್ಲಾಗಿದ್ದರೆ ಬೀದಿಯ ಜನ ಸೇರುತ್ತಿತ್ತು. ಅವನು, "ಪಕ್ಕದ್ದು ಲವ್" ಎಂದು ಬೆರಳು ತೋರಿಸಿ ಮೆಲ್ಲನೆ ಬಾಗಿಲು ಹಾಕಿಕೊಂಡ. ಆ ಊರಿನಲ್ಲಿ ಎಲ್ಲರೂ ಎಲ್ಲರನ್ನೂ 'ಲವ್' ಎನ್ನುತ್ತಾರೆ. ಹಾಲು ಮಾರುವ ಹುಡುಗಿ, ಅಂಚೆಯವನು, ಆಸ್ಪತ್ರೆಯ ಕಾವಲುಗಾರ, ಎಲ್ಲರೂ. ಐವತ್ತಮೂರು ವರ್ಷದ ನನ್ನನ್ನು ನಮ್ಮ ಯಜಮಾನರೂ ಹಾಗೆ ಕರೆದದ್ದಿಲ್ಲ! ಮೊದಲು ನಾಚಿಕೆಯಾಯಿತು. ಒಂದು ವಾರದಲ್ಲಿ, ಯಾರಾದರೂ ಹಾಗೆ ಕರೆಯದಿದ್ದರೆ ಇವರಿಗೆ ಎಂತ ಕೋಪ ಎಂದು ಯೋಚಿಸುವ ಹಾಗಾಯಿತು.

ಹತ್ತನೆಯ ತರಗತಿಯಂತಹ ಪರೀಕ್ಷೆ ಮುಗಿದ ಮೇಲಿನ ಎರಡು ವರ್ಷವನ್ನು ಅಲ್ಲಿ ಸಿಕ್ಸ್ತ್ ಫಾರ್ಮ್ ಎನ್ನುತ್ತಾರೆ, ಕಲಿಯುವುದನ್ನು ಎ ಲೆವೆಲ್. ನಮ್ಮ ಪಿಯುಸಿಯ ವಯಸ್ಸು. ಆದರೆ ಮೂರೇ ವಿಷಯ ಸಾಕು. ಶ್ರಾವ್ಯಳದ್ದು ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಮೂರೇ ತಾನೆ, ಅರ್ಧ ತಿಂಗಳಲ್ಲಿ ಓದಿಸಿ ಬಿಡುತ್ತೇನೆ ಎಂದುಕೊಂಡಿದ್ದೆ ನಾನು.

ಶ್ರಾವ್ಯ ಈಗ ಹದಿನೆಂಟರ ಹುಡುಗಿ. ಉಮೇಶನ ಹುಬ್ಬು, ಉಮೇಶನ ಗಲ್ಲ. ನನ್ನೊಡನೆ ಆಡುವುದು ತುಳು, ನಡುನಡುವೆ ಇಂಗ್ಲಿಷ್. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಸೋದರತ್ತೆಯಾದ ನನ್ನನ್ನು ನಮ್ಮ ರೂಢಿಯಂತೆ 'ಮಾಮಿ' ಎನ್ನುತ್ತಾಳೆ. ನಾನು ಬಂದ ಮೊದಲ ಬೆಳಿಗ್ಗೆಯೇ, ರೇಖಾ ಕೆಲಸಕ್ಕೆ ಹೋದ ಮೇಲೆ, ಚಹಾದ ಲೋಟ ಹಿಡಿದುಕೊಂಡು ಕೇಳಿದಳು.

"ಮಾಮಿ, ಪಪ್ಪ ಆ ದಿನ ನಿಮಗೆ ಫೋನ್ ಮಾಡಿದ್ರು ಅಲ್ವಾ? ಎಂತ ಮಾತಾಡಿದ್ರು?"

ನಾನು ಹೇಳಿದೆ. ಉಚ್ಚಿಲದ ಮನೆಯ ಹಂಚು ಬದಲಿಸುವ ವಿಷಯ ಮಾತಾಡಿದ ಎಂದೆ. ಹಳೆಯ ಬಸ್ಸಿನ ಗೆಳೆಯರನ್ನು ವಿಚಾರಿಸಿದ ಎಂದೆ. ನಿನ್ನ ಮಾರ್ಕಿನ ವಿಷಯ ಹೇಳಿ ಹೆಮ್ಮೆಪಟ್ಟ ಎಂದೆ. ಎಲ್ಲವೂ ನಿಜ, ಎಲ್ಲವನ್ನೂ ಅವನು ಆಡಿದ್ದ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು. "ಅಷ್ಟೆಯಾ?" ಎಂದಳು. "ಅಷ್ಟೆ ಮಗಾ" ಎಂದೆ.

ಪಾಠ ಶುರು ಮಾಡಿದೆವು. ಹೃದಯದ ಅಧ್ಯಾಯಕ್ಕೆ ಅವಳು ಒಂದು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ಇಪ್ಪತ್ತು ಹಾಳೆ ಒಟ್ಟಿಗೆ ಬಿಗಿದು ಕಟ್ಟಿ, ಅದರ ಹಿಂದಿನದನ್ನು ಓದುತ್ತಾಳೆ, ಮುಂದಿನದನ್ನು ಓದುತ್ತಾಳೆ. ನಾನು ಬ್ಯಾಂಡ್ ತೆಗೆಯಲು ಹೋದರೆ ಪುಸ್ತಕವನ್ನೇ ಎಳೆದುಕೊಳ್ಳುತ್ತಾಳೆ. ನಾನು ತರಗತಿಯಲ್ಲಿ ಗದರುವವಳು, ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅವಳ ಮುಂದೆ ಗದರುವ ಬಾಯಿ ಬರಲಿಲ್ಲ.

ಒಂದು ದಿನ ಹಳೆಯ ಪ್ರಶ್ನೆಪತ್ರಿಕೆ ತೆಗೆದು, "ನಾನೂ ಬರೀತೇನೆ, ನೀನೂ ಬರಿ" ಎಂದು ಪಂದ್ಯ ಕಟ್ಟಿದೆ. ಪ್ರಶ್ನೆಗಳನ್ನು ನೋಡಿದರೆ ನಮ್ಮಂತೆ 'ವಿವರಿಸಿ' ಎಂದು ಇಲ್ಲ. ಯಾವುದೋ ಹುಳದ ಮೇಲೆ ಮಾಡಿದ ಪ್ರಯೋಗ, ಒಂದು ನಕ್ಷೆ, ಇದರಿಂದ ಹೀಗೆಂದು ಹೇಳಬಹುದೇ, ಹೇಳಲಾಗದೇ ಎಂಬ ಪ್ರಶ್ನೆ. ನಾನು ಎರಡು ಪುಟ ತುಂಬಿಸಿದೆ. ಚಿತ್ರವನ್ನೂ ಬರೆದು ಭಾಗ ಗುರುತಿಸಿದೆ. ಅವಳು ಕೆಂಪು ಪೆನ್ನು ಹಿಡಿದು ತಿದ್ದಿ, ಐದಕ್ಕೆ ಒಂದು ಅಂಕ ಕೊಟ್ಟಳು.

"ಒಂದಾ! ಎಂತ ತಪ್ಪು ಉಂಟು ಇದರಲ್ಲಿ?"

"ತಪ್ಪು ಎಂತದ್ದೂ ಇಲ್ಲ ಮಾಮಿ. ನೀವು ಗೊತ್ತಿದ್ದದ್ದನ್ನೆಲ್ಲ ಬರೆದಿದ್ದೀರಿ. ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ."

ಅವಳು ತಮಾಷೆಗೆ ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಎದ್ದು ಹೋದಳು. ನಾನು ಆ ಕೆಂಪು ಒಂದನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ.

ಉಮೇಶನ ಬಸ್ಸು

ಕಾಲೇಜಿಗೆ ಹೋಗುವ ಬಸ್ಸು ಉಮೇಶ ಓಡಿಸುತ್ತಿದ್ದ ದಾರಿಯದ್ದೇ. ಮೊದಲ ಸಲ ಅದರಲ್ಲಿ ಕುಳಿತಾಗ ನಾನು ಡ್ರೈವರನ ಕೈಯನ್ನೇ ನೋಡುತ್ತಿದ್ದೆ. ಕಂಡಕ್ಟರ್ ಇಲ್ಲ, ಸೀಟಿ ಇಲ್ಲ, ಬಾಗಿಲಿಗೆ ಬಡಿಯುವವರಿಲ್ಲ. ಪಡುಬಿದ್ರಿ, ಉಚ್ಚಿಲ, ಕಾಪು ಎಂದು ಒಂದೇ ಉಸಿರಿನಲ್ಲಿ ಕೂಗುವವರಿಲ್ಲ. ಬಸ್ಸು ಕೆರೆಯ ನೀರಿನಂತೆ ಸದ್ದಿಲ್ಲದೆ ಹೋಗುತ್ತದೆ. ಎದುರಿನಿಂದ ಇನ್ನೊಂದು ಬಸ್ಸು ಬಂದಾಗ ಎರಡೂ ಕಡೆಯ ಡ್ರೈವರುಗಳು ಒಂದು ಕೈ ಎತ್ತುತ್ತಾರೆ.

ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ಮುದುಕಿಯರು, ಕಿವಿಗೆ ವಯರು ತುರುಕಿಕೊಂಡ ಹುಡುಗರು, ಅಳುವ ಮಗುವನ್ನು ಎತ್ತಿಕೊಂಡ ತಾಯಿ, ಎಲ್ಲರೂ ಹೇಳಿಯೇ ಇಳಿಯುತ್ತಾರೆ. ಉಮೇಶ ಇದನ್ನು ಫೋನಿನಲ್ಲಿ ಹೇಳಿದಾಗ ನಾನು ನಂಬಿರಲಿಲ್ಲ. "ದಿನಕ್ಕೆ ಎಷ್ಟು ಜನ ಹೇಳ್ತಾರೆ ಗೊತ್ತುಂಟಾ ಅಕ್ಕ? ಊರಲ್ಲಿ ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಬ್ರೇಕ್ ಹಾಕಿದ್ದಕ್ಕೆ ಬೈದವರೇ" ಎಂದಿದ್ದ. ನನ್ನ ಸರದಿ ಬಂದಾಗ ಡ್ರೈವರನ ಸೀಟನ್ನೊಮ್ಮೆ ನೋಡಿದೆ. ಏನೂ ಹೇಳದೆ ಇಳಿದೆ. ನನ್ನ ಹಿಂದೆ ಶ್ರಾವ್ಯ ಹೇಳಿದಳು, ನನ್ನ ಪಾಲಿನದ್ದನ್ನೂ ಸೇರಿಸಿದಂತೆ ಎರಡು ಸಲ.

ಪ್ರಯೋಗಾಲಯ, ಬುಧವಾರ

ಜೀವಶಾಸ್ತ್ರದ ಅಧ್ಯಾಪಕಿಯ ಹೆಸರು ಹೆಲೆನ್. ಮಕ್ಕಳು ಕರೆಯುವುದೂ 'ಹೆಲೆನ್' ಎಂದೇ. ಮೇಡಂ ಇಲ್ಲ, ಮಿಸ್ ಇಲ್ಲ. ಕಾರ್ಕಳದಲ್ಲಿ ಯಾವನಾದರೂ ನನ್ನನ್ನು 'ಸುನಂದಾ' ಎಂದು ಕೂಗುವುದನ್ನು ಕಲ್ಪಿಸಿಕೊಂಡು ಬೆವರಿದೆ. ಆದರೆ ಹೆಲೆನ್ ಒಳ್ಳೆಯ ಹೆಂಗಸು. ಶ್ರಾವ್ಯಳ ಕಥೆ ಅವರಿಗೆ ಗೊತ್ತಿತ್ತು. ಅವರೇ ಒಂದು ದಾರಿ ಹುಡುಕಿದ್ದರು: ಹೃದಯವೇ ಆಗಬೇಕೆಂದಿಲ್ಲ, ಉಸಿರಾಟದ ಅಂಗವೂ ನಡೆಯುತ್ತದೆ. ಬಾಕಿ ಉಳಿದ ಎಂಟು ಮಕ್ಕಳಿಗೆ ಬುಧವಾರ ಮೀನಿನ ಕಿವಿರನ್ನು ಬಿಡಿಸಿ ನೋಡುವ ತರಗತಿ. ನಾನೂ ಅಧ್ಯಾಪಕಿ ಎಂದು ತಿಳಿದು, ಬಂದು ನೋಡಿ ಎಂದು ಕರೆದರು. ಬಾಗಿಲಲ್ಲೇ ನನ್ನ ಫೋಟೋ ತೆಗೆದು ಕುತ್ತಿಗೆಗೊಂದು ಕೆಂಪು ಪಟ್ಟಿ ಹಾಕಿದರು. ನಮ್ಮಲ್ಲಿ ಹೆತ್ತವರು ಚೀಲ ಹಿಡಿದುಕೊಂಡು ಸೀದಾ ಸ್ಟಾಫ್ ರೂಮಿಗೇ ನುಗ್ಗುತ್ತಾರೆ.

ನಮ್ಮ ಪ್ರಯೋಗಾಲಯದಲ್ಲಿ ಕಪ್ಪೆ ಕೊಯ್ಯುವುದು ನಿಂತು ಕಾಲವಾಯಿತು. ಈಗ ಚಾರ್ಟು, ಪ್ಲಾಸ್ಟಿಕ್ ಮಾದರಿ, ಮತ್ತೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು. ಹಾಗಾಗಿ ಟ್ರೇಯಲ್ಲಿ ನಿಜವಾದ ಮೀನು ಕಂಡಾಗ ನನಗೆ ಖುಷಿಯೇ ಆಯಿತು. ಅದೂ ಬಂಗುಡೆ! ನಮ್ಮದಕ್ಕಿಂತ ಉದ್ದ, ಬೆನ್ನ ಮೇಲೆ ಕಪ್ಪು ಗೆರೆಗಳು, ಆದರೆ ಬಂಗುಡೆಯೇ. ಮೀನುಗಳನ್ನು ಸಿಂಕಿನಲ್ಲಿ ಇಟ್ಟುಕೊಂಡಿದ್ದ ಸಹಾಯಕಿಯೊಡನೆ, "ನಾನು ತೊಳೆದು ಕೊಡ್ತೇನೆ, ನೀವು ಕತ್ತರಿ ಹಂಚಿ" ಎಂದೆ. ಅವರಿಗೂ ಕೆಲಸ ಇತ್ತು, ಒಪ್ಪಿದರು.

ಹೆಲೆನ್ ಆಚೆ ಬೋರ್ಡಿನ ಹತ್ತಿರ ಪಾಠ ಶುರು ಮಾಡಿದರು. ಕಿವಿರಿನ ಎಳೆಗಳ ನಡುವೆ ನೀರು ಒಂದು ದಿಕ್ಕಿಗೆ, ರಕ್ತ ಎದುರು ದಿಕ್ಕಿಗೆ ಹರಿಯುವುದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ನಾನು ತಿರುಗಿ ಅವರನ್ನೇ ನೋಡುತ್ತ ನಿಂತೆ. ಕೈ ಮಾತ್ರ ನೀರಿನಲ್ಲಿತ್ತು. ನನ್ನ ಅಮ್ಮ ಉಚ್ಚಿಲದ ಮಾರ್ಕೆಟಿನಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಗಿರಾಕಿಯೊಡನೆ ಜಗಳ ಆಡುತ್ತಲೇ ಕೈ ನೋಡದೆ ಮೀನು ಸರಿ ಮಾಡುತ್ತಿದ್ದಳು. ಏಳನೆಯ ವರ್ಷದಿಂದ ನನಗೂ ಅದೇ ಕೆಲಸ. ಬಂಗುಡೆ ಕೈಗೆ ಬಂದರೆ ಮೊದಲು ಮಾಡುವುದು ಒಂದೇ: ಹೆಬ್ಬೆರಳು ಕಿವಿರಿನ ಮುಚ್ಚಳದೊಳಗೆ ಹಾಕಿ, ಕೊಕ್ಕೆಯಂತೆ ಬಾಗಿಸಿ, ಒಂದೇ ಎಳೆತ. ಕಿವಿರು ಇಡೀ ಕಿತ್ತು ಬರುತ್ತದೆ. ಬಿಸಾಡುವುದು. ಮುಂದಿನ ಮೀನು.

ಪಾಠ ಕಿವಿರಿನದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು ಮಾರಾಯ್ರೆ. ನನ್ನ ಕೈಗೆ ಗೊತ್ತಿರಲಿಲ್ಲ.

ಸಹಾಯಕಿ ಕಿರುಚಿದಾಗ ನಾನು ಬಗ್ಗಿ ನೋಡಿದೆ. ಎಂಟರಲ್ಲಿ ಏಳು ಮೀನು ಅಚ್ಚುಕಟ್ಟಾಗಿ, ಸಾರಿಗೆ ಬೀಳಲು ಸಿದ್ಧವಾಗಿ ಸಾಲಾಗಿ ಮಲಗಿದ್ದವು. ಏಳರ ಕಿವಿರೂ ಕಸದ ಡಬ್ಬಿಯಲ್ಲಿ. ಎಂಟನೆಯದರ ಮುಚ್ಚಳದೊಳಗೆ ನನ್ನ ಹೆಬ್ಬೆರಳು. ಕೈಗೆ ಗ್ಲೌಸೂ ಇಲ್ಲ! ಹೆಲೆನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಕ್ಕಳು ಹೋ ಎಂದು ನಕ್ಕರು. ಅವರ ನಡುವೆ ಒಂದು ನಗು ನನಗೆ ಗೊತ್ತಿದ್ದ ನಗು. ಶ್ರಾವ್ಯ ಮೇಜು ಹಿಡಿದುಕೊಂಡು ನಗುತ್ತಿದ್ದಳು, ಉಮೇಶನ ಹಾಗೆ, ಸದ್ದಿಲ್ಲದೆ, ಹೆಗಲು ಕುಲುಕಿಸಿ. ನಾನು ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಮಾನ ಹೋದರೂ ಹೋಗಲಿ ಎನಿಸಿತು.

"ಎಂತ ಮಾಮಿ ನೀವು! ಗಸಿ ಮಾಡ್ಲಿಕ್ಕಾ?" ಎನ್ನುತ್ತ ಅವಳೇ ಎದ್ದು ಬಂದಳು. ಗ್ಲೌಸು ಹಾಕಿದ ಕೈಯನ್ನು ಡಬ್ಬಿಗೆ ಹಾಕಿ ಕಿವಿರುಗಳನ್ನು ಒಂದೊಂದಾಗಿ ಎತ್ತಿ ಟ್ರೇಗೆ ಇಡತೊಡಗಿದಳು. ಮೂರನೆಯದನ್ನು ಎತ್ತಿದಾಗ ಅವಳ ಕೈ ನಿಂತಿತು. ಕಿವಿರಿನ ಬುಡಕ್ಕೆ ಅಂಟಿಕೊಂಡು, ಕಡಲೆಕಾಳಿನಷ್ಟು, ಕಡು ಕೆಂಪಾದ ಒಂದು ಗಂಟು ನೇತಾಡುತ್ತಿತ್ತು.

"ಮಾಮಿ, ಇದೆಂತ?"

ಮೀನಿನ ಹೃದಯ ಕಿವಿರಿನ ಬೆನ್ನಿಗೇ, ಗಂಟಲ ಕೆಳಗೆ ಇರುತ್ತದೆ. ಕಿವಿರನ್ನು ಎಳೆದರೆ ಅದೂ ಜೊತೆಗೆ ಬರುತ್ತದೆ. ಬಾಲ್ಯದಿಂದ ಎಷ್ಟು ಸಾವಿರ ಕಿತ್ತು ಬಿಸಾಡಿದ್ದೇನೋ. ಒಮ್ಮೆಯೂ ನಾನು ಅದನ್ನು ನಿಂತು ನೋಡಿದವಳಲ್ಲ. ಅದೆಂತ ಎಂದು ನಾನು ಹೇಳುವ ಅಗತ್ಯವೂ ಇರಲಿಲ್ಲ, ಅವಳು ಓದಿದ ಹುಡುಗಿ. ಕಿವಿರನ್ನು ಮೆಲ್ಲನೆ ಟ್ರೇಗೆ ಇಟ್ಟು, ಗ್ಲೌಸು ಕಳಚಿ, ಬಾಗಿಲು ತೆಗೆದು ಹೊರಗೆ ನಡೆದುಬಿಟ್ಟಳು.

ಬಸ್ ನಿಲ್ದಾಣ

ಹೆಲೆನ್ ಕಣ್ಣಿನಲ್ಲೇ ಹೋಗಿ ಎಂದರು. ಮೀನಿನ ವಾಸನೆಯ ಕೈಯಲ್ಲೇ ಓಡಿದೆ. ಗೇಟಿನ ಹೊರಗಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದಳು. ಬಿಸಿಲಿತ್ತು, ಗಾಳಿ ಬೀಸುತ್ತಿತ್ತು. ನಾನು ಹತ್ತಿರ ಕುಳಿತೆ. ಏನಾದರೂ ಹೇಳಬೇಕಲ್ಲ ಎಂದು ಮೀನಿನ ಹೃದಯಕ್ಕೆ ಎರಡೇ ಕೋಣೆ ಎಂಬುದನ್ನು ಶುರು ಮಾಡಿದೆ. ನನ್ನ ಬಾಯಿಗೇ ಹೇಸಿಗೆಯಾಯಿತು. ಗೊತ್ತಿದ್ದದ್ದನ್ನೆಲ್ಲ ಹೇಳುವ ಆ ಚಟ!

ಆ ಪಾಠವನ್ನು ಅಲ್ಲಿಗೇ ಬಿಟ್ಟೆ. ಆಮೇಲೆ ಹೇಳಿದೆ.

"ಶ್ರಾವ್ಯ, ನೀನು ಮೊದಲ ದಿನ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಪಪ್ಪ ಆ ದಿನ ಭುಜ ನೋವು ಉಂಟು, ದವಡೆ ನೋವು ಉಂಟು ಅಂದ. ನಾನು ಗ್ಯಾಸ್ ಅಂದೆ. ಕಷಾಯ ಕುಡಿ ಅಂದೆ. ಆಸ್ಪತ್ರೆಗೆ ಹೋಗು ಅಂತ ಹೇಳಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ. ನನಗೆ ಗೊತ್ತಿತ್ತು ಮಗಾ, ಗೊತ್ತಿದ್ದೂ ಹೊಳೆಯಲಿಲ್ಲ."

ಅವಳು ನನ್ನ ಕಡೆ ತಿರುಗಲಿಲ್ಲ. "ನನಗೆ ಗೊತ್ತುಂಟು ಮಾಮಿ" ಎಂದಳು. "ಪಪ್ಪ ಫೋನ್ ಇಟ್ಟು ನನ್ನತ್ರ ಹೇಳಿದ್ರು. 'ಅಕ್ಕ ಗ್ಯಾಸ್ ಅಂತಾಳೆ, ಸ್ವಲ್ಪ ಕಷಾಯ ಮಾಡ್ತಿಯಾ ಮಗಾ' ಅಂತ. ಕಷಾಯ ಮಾಡಿ ಕೊಟ್ಟದ್ದು ನಾನು."

ಅವಳು ರಸ್ತೆಯನ್ನೇ ನೋಡುತ್ತ ಮುಂದುವರಿಸಿದಳು.

"ಮೇಜಿನ ಮೇಲೆ ಆ ಪಾಠವೇ ಇತ್ತು ಮಾಮಿ. ಪರೀಕ್ಷೆಗೆ ಅಂತ ಕಾರ್ಡ್ ಬರೀತಾ ಇದ್ದೆ. ಎಡಗೈ, ಭುಜ, ದವಡೆ ಅಂತ ನನ್ನ ಕೈಯಲ್ಲೇ ಬರೆದಿದ್ದೆ. ಶಾಯಿ ಒಣಗಿರಲಿಲ್ಲ. ಪಪ್ಪ ನನ್ನ ಎದುರು ಕೂತು ದವಡೆ ಒತ್ತಿಕೊಳ್ತಾ ಇದ್ರು. ನಾನು ಕಾರ್ಡ್ ಬದಿಗೆ ಇಟ್ಟು, ಎದ್ದು ಹೋಗಿ ಜೀರಿಗೆ ಹುರಿದೆ."

"ಮತ್ತೆ ನನ್ನತ್ರ ಯಾಕೆ ಕೇಳಿದ್ದು? ಗೊತ್ತಿತ್ತಲ್ಲ ನಿನಗೆ?"

"ನೀವು ಹೇಳ್ತೀರಾ ಅಂತ ನೋಡಿದೆ. ನೀವು ನಿಮ್ಮದನ್ನು ಹೇಳಿದ್ರೆ ನಾನು ನನ್ನದನ್ನು ಹೇಳಬಹುದು ಅಂತ. ಮಮ್ಮಿ ಹತ್ರ ಹೇಳ್ಲಿಕ್ಕೆ ಆಗ್ಲಿಲ್ಲ. ಮಮ್ಮಿ ನರ್ಸ್ ಅಲ್ವಾ."

ಹದಿನಾಲ್ಕು ತಿಂಗಳು ಈ ಹುಡುಗಿ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ದೊಡ್ಡವಳು, ಅತ್ತೆ, ಪಾಠ ಹೇಳುವವಳು, ಬಂದ ಮೊದಲ ದಿನವೇ ಅವಳು ಬಾಗಿಲು ತೆರೆದು ಕಾದರೆ, ಹಂಚು ಬದಲಿಸುವ ಕಥೆ ಹೇಳಿದ್ದೆ. ನನ್ನ ಮೇಲೆ ನನಗೆ ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

"ಕಷಾಯ ಅಂತ ಹೇಳಿದ್ದು ನಾನು. ನೀನು ಹೇಳಿದ್ದನ್ನು ಮಾಡಿದ್ದು ಅಷ್ಟೆ" ಎಂದೆ.

"ನೀವು ಊರಲ್ಲಿ ಇದ್ರಿ. ನಾನು ಮೇಜಿನ ಆಚೆ ಬದಿಯಲ್ಲಿ ಇದ್ದೆ."

ತಪ್ಪನ್ನು ಇಬ್ಬರೂ ನನ್ನದು ನನ್ನದು ಎಂದು ಎಳೆದಾಡಿದೆವು. ಮಧ್ಯೆ ಒಂದು ಬಸ್ಸು ಬಂದು ನಿಂತು, ಬಾಗಿಲು ತೆರೆದು, ಡ್ರೈವರ್ ನಮ್ಮ ಮುಖ ನೋಡಿ ಏನೂ ಕೇಳದೆ ಬಾಗಿಲು ಮುಚ್ಚಿ ಹೋದ. ಕೊನೆಗೆ ಇಬ್ಬರೂ ಅತ್ತೆವು. ಗಟ್ಟಿಯಾಗಿಯೇ ಅತ್ತೆವು. ಉಮೇಶ ಹೋದಾಗ ಅಷ್ಟು ದೂರದಲ್ಲಿ ನನಗೆ ಸರಿಯಾಗಿ ಅಳಲೂ ಆಗಿರಲಿಲ್ಲ. ನನ್ನ ಕೈ ಮೀನು ನಾರುತ್ತಿತ್ತು. ಆ ಕೈಯಲ್ಲೇ ಅವಳು ಮುಖ ಇಟ್ಟುಕೊಂಡಳು.

ಆ ಸಂಜೆ ರೇಖಾಳಿಗೂ ಹೇಳಿದೆವು. ನಾನು ನನ್ನದನ್ನು, ಶ್ರಾವ್ಯ ಅವಳದ್ದನ್ನು. ರೇಖಾ ಮಗಳನ್ನು ಅಪ್ಪಿಕೊಂಡಳು. ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಅದು ನ್ಯಾಯವೇ. ಮೂರನೆಯ ದಿನ ಬೆಳಿಗ್ಗೆ ಚಹಾ ತಂದಿಟ್ಟು, "ಆ ದಿನ ಡ್ಯೂಟಿಯಲ್ಲಿ ನನ್ನ ಫೋನ್ ಲಾಕರಲ್ಲಿ ಇತ್ತು ಅಕ್ಕ. ಇಲ್ಲದಿದ್ರೆ ಅವರು ನನಗೇ ಮಾಡ್ತಿದ್ರೋ ಏನೋ" ಎಂದಳು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ನಾನು ಹಾಗೆಯೇ ಕುಡಿದೆ.

ಮುಂದಿನ ಬುಧವಾರ

ಹೆಲೆನ್ ಇನ್ನೊಂದು ದಿನ ಗೊತ್ತು ಮಾಡಿದರು. ಮೀನು ಬೇಕಾ, ಗಿಡದ ಕಾಂಡವೂ ನಡೆಯುತ್ತದೆ ಎಂದು ಶ್ರಾವ್ಯಳನ್ನು ಕೇಳಿದರಂತೆ. ಇವಳು ಹೃದಯವೇ ಇರಲಿ ಎಂದಳಂತೆ. ಬಸ್ಸಿನಲ್ಲಿ ಹೋಗುವಾಗ ನನಗೆ ಹೇಳಿದಳು. ಪುಸ್ತಕದ ರಬ್ಬರ್ ಬ್ಯಾಂಡ್ ಅವಳ ಮಣಿಕಟ್ಟಿನಲ್ಲಿತ್ತು.

ಈ ಸಲ ನನ್ನನ್ನು ಸಿಂಕಿನಿಂದ ದೂರ, ಮೂಲೆಯ ಕುರ್ಚಿಯಲ್ಲಿ ಕೂರಿಸಿದರು. ಕುರಿಯ ಹೃದಯ, ಮುಷ್ಟಿಯಷ್ಟು, ಮೇಲೆ ಬಿಳಿ ಕೊಬ್ಬು. ಶ್ರಾವ್ಯ ಅದನ್ನು ಬಹಳ ಹೊತ್ತು ಬರೀ ಹಿಡಿದುಕೊಂಡಿದ್ದಳು. ಪಕ್ಕದ ಹುಡುಗಿ ಆಗಲೇ ಕತ್ತರಿಸಿ, ಕವಾಟ ಎಣಿಸಿ, ಚಿತ್ರ ಬರೆಯುತ್ತಿದ್ದಳು. ಹೆಲೆನ್ ಅವಸರ ಮಾಡಲಿಲ್ಲ. ಕೊನೆಗೆ ಶ್ರಾವ್ಯ ತಲೆ ಎತ್ತಿ, ಇಡೀ ಕೋಣೆಗೆ ಕೇಳಿಸುವಂತೆ, "ಮಾಮಿ, ಗ್ಲೌಸ್ ಹಾಕಿ ಬನ್ನಿ" ಎಂದಳು.

ಹೋದೆ. ಅವಳು ಕೊಬ್ಬಿನ ಅಂಚಿನಲ್ಲಿ ಹರಿಯುವ ಒಂದು ಸಣ್ಣ ನಾಳದ ಮೇಲೆ ಕಡ್ಡಿಯ ತುದಿ ಇಟ್ಟಳು. ಹೃದಯಕ್ಕೇ ರಕ್ತ ಕೊಡುವ ನಾಳ ಅದು. ಅಲ್ಲಿ ಅಡ್ಡಿಯಾದರೇ ಮನುಷ್ಯ ಹೋಗುವುದು.

"ಇಷ್ಟು ಸಣ್ಣದಾ ಮಾಮಿ?"

"ಇಷ್ಟೇ ಮಗಾ."

"ಚಿತ್ರದಲ್ಲಿ ದೊಡ್ಡದು ಕಾಣ್ತದೆ."

ಹೌದು ಎಂದೆ. ನಾನೂ ದೊಡ್ಡದಾಗಿಯೇ ಬರೆಯುತ್ತಿದ್ದೆ, ಹಿಂದಿನ ಬೆಂಚಿಗೂ ಕಾಣಲಿ ಎಂದು. ಅವಳು ಕತ್ತರಿ ಎತ್ತಿಕೊಂಡಳು. ಗೆರೆ ನೇರವಾಗಿ ಹೋಯಿತು. ಒಂದು ಗಂಟೆಯ ಮೇಲೆ ಹೆಲೆನ್ ಅವಳ ಹಾಳೆಯಲ್ಲಿ ಸಹಿ ಹಾಕಿದರು. ಅಂದು ಮನೆಗೆ ಮರಳುವಾಗ, ಬಸ್ಸಿನಿಂದ ಇಳಿಯುತ್ತ, ನಾನು ಡ್ರೈವರಿಗೆ ಥ್ಯಾಂಕ್ಯೂ ಎಂದೆ. "ಟೇಕ್ ಕೇರ್ ಲವ್" ಎಂದ ಅವನು.

ಮಣಿಪಾಲ

ಪ್ರವಾಸ ಅಲ್ಲಿಗೆ ಮುಗಿಯಿತು ಎಂದು ಬರೆಯಬಹುದಿತ್ತು. ಆದರೆ ಅದು ಮುಗಿದದ್ದು ಜುಲೈ ತಿಂಗಳ ಒಂದು ಭಾನುವಾರ, ಮಣಿಪಾಲದಲ್ಲಿ.

ನಾನು ಬಂದ ಮೇಲೆ ಶ್ರಾವ್ಯ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ, ಅವಳಿಗೆ ಬೆಳಿಗ್ಗೆ, ನನಗೆ ಮಧ್ಯಾಹ್ನ. ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಮೊದಲ ಮಾತೇ, "ಮಾಮಿ, ಎದೆ ನೋವು ಉಂಟಾ? ಭುಜ? ದವಡೆ?" ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ಇಲ್ಲ, ಇಲ್ಲ, ಇಲ್ಲ. ಆಮೇಲೆ ಊರ ಸುದ್ದಿ.

ಆ ಭಾನುವಾರ ಹೊರಗೆ ಮಳೆ ಹೊಯ್ಯುತ್ತಿತ್ತು. ಬೆಳಿಗ್ಗೆ ಹಲಸಿನ ಹಣ್ಣಿನ ಗಟ್ಟಿ ಎಂಬ ಕಡುಬು ಮಾಡಿದ್ದೆ. ತೇಗದ ಎಲೆಯಲ್ಲಿ ಬೇಯಿಸಿದ್ದು, ನಾಲ್ಕು ತಿಂದಿದ್ದೆ, ನಿಜ ಹೇಳಬೇಕೆಂದರೆ ಐದು. ಅವಳು ಕೇಳಿದಾಗ ಬಾಯಿ ತಪ್ಪಿ ಹೇಳಿಬಿಟ್ಟೆ.

"ಭುಜ ಸ್ವಲ್ಪ ಹಿಡಿದ ಹಾಗೆ ಉಂಟು. ಗಟ್ಟಿ ತಿಂದದ್ದು ಹೆಚ್ಚಾಯ್ತು. ಗ್ಯಾಸ್..."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಮಾಮಿ" ಎಂದಳು ಮೆಲ್ಲಗೆ. "ಫೋನ್ ಇಡಬೇಡಿ. ಛತ್ರಿ ತಗೊಳ್ಳಿ. ರಿಕ್ಷಾ ಹತ್ತಿ."

"ಮಳೆ ಮಗಾ..."

"ರಿಕ್ಷಾ ಹತ್ತಿ ಮಾಮಿ."

ಅದು ಗ್ಯಾಸೇ ಎಂದು ನನಗೆ ಗೊತ್ತಿತ್ತು. ಉಮೇಶನದ್ದೂ ಗೊತ್ತಿತ್ತು ಎಂದುಕೊಂಡವಳಲ್ಲವೇ ನಾನು? ಯಜಮಾನರು ಮಲಗಿದ್ದರು, ಎಬ್ಬಿಸಿದೆ. ಕಡಿಯಾಳಿಯಿಂದ ಮಣಿಪಾಲದ ಏರು ಹತ್ತುವವರೆಗೂ ಅವಳು ಫೋನಿನಲ್ಲೇ ಇದ್ದಳು. ಬೆವರು ಉಂಟಾ, ಉಸಿರು ಕಟ್ತದಾ ಎಂದು ಕೇಳುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಮಲಗಿಸಿ, ಎದೆಗೆ ಬಿಲ್ಲೆಗಳನ್ನು ಅಂಟಿಸಿ ಇ.ಸಿ.ಜಿ. ತೆಗೆದರು, ರಕ್ತವನ್ನೂ ತೆಗೆದರು. ಇ.ಸಿ.ಜಿ.ಯ ಕಾಗದದ ಫೋಟೋ ಕಳಿಸಿ ಎಂದಳು. ಯಜಮಾನರು ಕಳಿಸಿದರು.

ಅವಳು ಗೆರೆಯ ಒಂದೊಂದು ಅಲೆಯನ್ನೂ ಹೆಸರಿಟ್ಟು ಓದುತ್ತಿರುವುದು ನನಗೆ ಕೇಳುತ್ತಿತ್ತು. "ಪಿ ಉಂಟು... ಕ್ಯೂ ಆರ್ ಎಸ್ ಉಂಟು... ಎಸ್ ಟಿ ಮೇಲೆ ಎದ್ದಿಲ್ಲ... ಟಿ ಸರಿ ಉಂಟು..." ಒಂದೊಂದು ಸಾಲಿಗೂ ಮತ್ತೆ ಮೊದಲಿನಿಂದ ಓದಿದಳು. ಹನ್ನೆರಡು ಸಾಲು. ನಾನು ಮಂಚದ ಮೇಲೆ ಮಲಗಿ, ನನ್ನ ವಿದ್ಯಾರ್ಥಿಗಳು ಪಾಠ ಒಪ್ಪಿಸುವಾಗ ಕೇಳುವ ಹಾಗೆ ಕೇಳಿದೆ. ಒಂದು ತಪ್ಪೂ ಇರಲಿಲ್ಲ.

ರಕ್ತದ ವರದಿಯೂ ಬಂದ ಮೇಲೆ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನವರು. "ಎಂತದ್ದೂ ತೊಂದರೆ ಇಲ್ಲಮ್ಮ. ಹೃದಯ ಚೆನ್ನಾಗಿ ಉಂಟು. ಎಂತ ತಿಂದಿದ್ರಿ?" ಎಂದು ಕೇಳಿದರು. ಗಟ್ಟಿಯ ಲೆಕ್ಕ ಹೇಳಿದೆ. ನಕ್ಕರು. ಫೋನ್ ಸ್ಪೀಕರಿನಲ್ಲೇ ಇತ್ತು.

"ಎಂತ ಅಂತೆ ಮಾಮಿ?"

"ಗ್ಯಾಸ್" ಎಂದೆ.

ಅವಳು ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ನನ್ನದೂ ಅದೇ ಅವಸ್ಥೆ. ನರ್ಸ್ ಬಂದು ನೋವು ಜಾಸ್ತಿಯಾಯಿತಾ ಎಂದು ವಿಚಾರಿಸಿದಳು. ಶ್ರಾವ್ಯ ಮೂಗು ಒರೆಸಿಕೊಂಡು ಹೇಳಿದಳು, "ಈಗ ಮನೆಗೆ ಹೋಗಿ ಮಾಮಿ. ಈಗ ಕಷಾಯ ಕುಡೀರಿ."

ಮನೆಗೆ ಬಂದು, ಒದ್ದೆ ಸೀರೆಯಲ್ಲೇ ಒಲೆ ಹಚ್ಚಿ, ಜೀರಿಗೆ ಹುರಿದೆ.